ಡಾರ್ಸಿಯನ್ನು ಮೆಚ್ಚಿಕೊಂಡ ಮಗಳಿಗೆ

ಪ್ರೀತಿಯ ಚಿನ್ನು,

ದೊಡ್ಡಮ್ಮನ ಆಶೀರ್ವಾದಗಳು. ‘ಡಾರ್ಸಿ ಮನಸ್ಸಿನಿಂದ ಹೋಗ್ತಾನೇ ಇಲ್ಲ, ನಂಗೇನಾದ್ರೂ ಹುಚ್ಚಾ?’ ಅಂತ ಕೇಳಿದ್ದೀಯ. ಇಲ್ಲ ಕಂದ. ಕಾದಂಬರಿಯೊಳಗಿನವರ ಮೇಲೆ ಮನಸ್ಸಾಗುವುದು ನಾಚಿಕೆಪಡುವ ವಿಷಯವೇ ಅಲ್ಲ. ಬರೆದವಳಿಗೂ ಅವರು ಬದುಕಿರುವ ಜನವೇ ಆಗಿದ್ದರು. ಡಾರ್ಸಿ ಮತ್ತು ಅವನು ಕೊನೆಗೆ ಮದುವೆಯಾಗುವ ಎಲಿಜಬೆತ್‌ಳ ಕಥೆ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಅಚ್ಚಾಗಿದ್ದು 1813ರ ಜನವರಿಯಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಅದನ್ನು ಬರೆದ ಜೇನ್ ಆಸ್ಟಿನ್ ಲಂಡನ್ನಿನಲ್ಲಿ ಚಿತ್ರಪ್ರದರ್ಶನ ನೋಡಲು ಹೋಗಿದ್ದಳು. ಅಲ್ಲಿದ್ದ ಒಂದು ಚಿತ್ರ ಥೇಟ್ ಎಲಿಜಬೆತ್‌ಳ ಅಕ್ಕನ ಹಾಗೇ ಇದೆ ಅಂತ ತನ್ನ ಅಕ್ಕನಿಗೆ ಕಾಗದ ಬರೆದಳು. ಎಲಿಜಬೆತ್‌ಳನ್ನು ಹೋಲುವ ಚಿತ್ರ ಮಾತ್ರ ಎಲ್ಲೂ ಸಿಗಲಿಲ್ಲ. ಹೆಂಡತಿಯ ಚಿತ್ರವೆಂದರೆ ಡಾರ್ಸಿಗೆ ಅಷ್ಟು ಪ್ರೀತಿ, ಊರವರೆಲ್ಲ ನೋಡಲಿ ಅಂತ ಹೊರಗಿಡಲು ಅವನು ಒಪ್ಪಿರಲಿಕ್ಕಿಲ್ಲ ಅಂತ ಆಕೆಯೇ ಅಂದುಕೊಂಡಳು! ಹಾಗಿರುವಾಗ ನಿನ್ನದೇನು ತಪ್ಪು?

ನನಗೆ ಚಿಂತೆ ಹತ್ತಿದ್ದು ನಿನ್ನ ಪತ್ರದ ಕೊನೆ ಓದಿ.

ಅಪ್ಪ ತೋರಿಸಿದ ಹುಡುಗನಿಗೆ ಮಾತಾಡೋಕೇ ಬರಲ್ಲ, ಡಾರ್ಸಿ ಮುಂದೆ ಏನೂ ಅಲ್ಲ ಅಂದಿದ್ದೀಯ. ಡಾರ್ಸಿಗೂ ಬರುತ್ತಿರಲಿಲ್ಲ ಕಣೇ! ಗುರುತಿಲ್ಲದವರ ಜೊತೆ ಸಲೀಸಾಗಿ ಮಾತಾಡುವುದು ನನಗೆ ಒಲಿದಿಲ್ಲ ಅಂತ ಪಿಯಾನೋ ಹತ್ತಿರ ನಿಂತು ಅವನೇ ಹೇಳುತ್ತಾನೆ. ಸೊಗಸಾಗಿ ಮಾತಾಡಿ ಎಲ್ಲರನ್ನೂ ಮೆಚ್ಚಿಸಿದವನು ವಿಕಮ್. ಅವನು ಎಂಥ ಮೋಸಗಾರ ಅಂತ ನಿನಗೆ ಗೊತ್ತೇ ಇದೆ. ಇನ್ನೊಂದು ಮಾತು. ಆಸ್ಟಿನ್ ಈ ಕಥೆ ಬರೆಯಲು ಶುರು ಮಾಡಿದ್ದು 1796ರಲ್ಲಿ. ಡಾರ್ಸಿಯ ಮಾತುಗಳನ್ನು ತಿದ್ದಿ ತೀಡಲು ಅವಳಿಗೆ ವರ್ಷಗಟ್ಟಲೆ ಸಮಯವಿತ್ತು. ಈ ಹುಡುಗನಿಗೆ ಸಿಕ್ಕಿದ್ದು ಒಂದು ಕಾಫಿ ಕುಡಿಯುವಷ್ಟು ಹೊತ್ತು, ಅದೂ ಎದುರಿಗೆ ನೀನು ಪರೀಕ್ಷೆ ಮಾಡುವವಳ ಹಾಗೆ ಕೂತಿರುವಾಗ.

ಇನ್ನು ನಿನ್ನ ಆಫೀಸಿನವನ ವಿಷಯ. ಎಲ್ಲರ ಮುಂದೆ ನಿನ್ನನ್ನು ಹೀಯಾಳಿಸುತ್ತಾನೆ, ‘ಒಳಗೆ ಡಾರ್ಸಿ ಥರ ಒಳ್ಳೆಯವನೇ ಇರಬೇಕು’ ಅಂತ ಬರೆದಿದ್ದೀಯ. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಎಲಿಜಬೆತ್ ಏನು ಮಾಡಿದಳು ನೆನಪಿಸಿಕೋ. ಡಾರ್ಸಿ ಮೊದಲ ಸಲ ಮದುವೆಯ ಮಾತೆತ್ತಿದಾಗ ಅವಳ ಮನೆತನ ಕೀಳು ಅನ್ನುತ್ತಲೇ ಕೈ ಕೇಳಿದ. ದೊಡ್ಡ ಬಂಗಲೆ, ವರ್ಷಕ್ಕೆ 10,000 ಪೌಂಡ್ ವರಮಾನ ಇರುವ ಗಂಡು! ಅವಳ ತಂದೆಯ ಆಸ್ತಿಯೆಲ್ಲ ಮುಂದೆ ದಾಯಾದಿಯ ಪಾಲಾಗುವುದಿತ್ತು. ಆದರೂ ಅವಳು ಮುಖಕ್ಕೇ ಬೇಡ ಅಂದಳು. ಮದುವೆಯಾದ ಮೇಲೆ ಸರಿಹೋಗ್ತಾನೆ ಅಂತ ಕಾದು ಕೂರಲಿಲ್ಲ. ಬದಲಾಗುವ ಕೆಲಸ ಅವನದಾಗಿತ್ತು, ಅವನೇ ಮಾಡಿದ. ಅವಳ ತಂಗಿ ವಿಕಮ್ ಜೊತೆ ಓಡಿಹೋದಾಗ ಅವನ ಸಾಲ ತೀರಿಸಿ, ಮದುವೆ ಮಾಡಿಸಿ, ಇದನ್ನು ಅವಳಿಗೆ ಹೇಳಬೇಡಿ ಅಂತ ಅವಳ ಸೋದರಮಾವನ ಹತ್ತಿರ ಮಾತು ತೆಗೆದುಕೊಂಡ. ಎರಡನೇ ಸಲ ಕೇಳುವಾಗ, ನೀನು ಬೇಡ ಅಂದರೆ ಮತ್ತೆಂದೂ ಈ ಮಾತೆತ್ತುವುದಿಲ್ಲ ಅಂದ. ನೀನು ಮನಸೋತಿರುವುದು ಈ ಡಾರ್ಸಿಗೆ. ಮೊದಲ ನೃತ್ಯಕೂಟದಲ್ಲಿ ಅವಳನ್ನು ಹಳಿದವನಿಗಲ್ಲ. ನಿನ್ನ ಆಫೀಸಿನವನಲ್ಲಿ ಕಾಣುತ್ತಿರುವುದು ಬರೀ ಆ ಹಳಿಯುವ ಬಾಯಿ.

ಅವನು ಒಳಗೆ ಹೇಗಿದ್ದಾನೆ ಅಂತ ಪುಟ ತಿರುಗಿಸಿ ನೋಡಲು ನಿನಗಾಗುವುದಿಲ್ಲ. ಹೊರಗೆ ಹೇಗೆ ನಡೆದುಕೊಳ್ಳುತ್ತಾನೋ ಅಷ್ಟೇ ಲೆಕ್ಕಕ್ಕೆ ತಗೋ. ಇನ್ನೊಮ್ಮೆ ಎಲ್ಲರೆದುರು ಆಡಿಕೊಂಡರೆ, ಹೀಗೆಲ್ಲ ಮಾತಾಡಬೇಡಿ ಅಂತ ನೇರವಾಗಿ ಹೇಳು.

ಡಾರ್ಸಿಯ ಬಂಗಲೆ ಪೆಂಬರ್ಲಿಯಲ್ಲಿ ಎಲಿಜಬೆತ್‌ಳ ಕಣ್ಣು ತೆರೆಸಿದ್ದು ಮನೆ ನೋಡಿಕೊಳ್ಳುವ ಹೆಂಗಸು. ನಾಲ್ಕು ವರ್ಷದ ಮಗುವಾಗಿದ್ದಾಗಿಂದ ನೋಡಿದ್ದೇನೆ, ಒಂದು ಸಿಡುಕು ಮಾತಾಡಿದವನಲ್ಲ ಅಂದಳಲ್ಲ, ಆಕೆ. ನೀನೂ ಕಾಫಿ ಕುಡಿದ ಆ ಹುಡುಗನನ್ನು ಇನ್ನೊಂದು ಸಲ ಭೇಟಿ ಮಾಡು. ಹೋಟೆಲಿನಲ್ಲಿ ಲೋಟ ತಂದಿಡುವವನ ಜೊತೆ, ಆಟೋದವರ ಜೊತೆ ಹೇಗೆ ಮಾತಾಡುತ್ತಾನೆ ಗಮನಿಸು. ಏನು ಓದುತ್ತಾನೆ ಅಂತಲೂ ಕೇಳು. ಆಮೇಲೂ ಮನಸ್ಸು ಒಪ್ಪದಿದ್ದರೆ ಬೇಡ ಅನ್ನು. ನಿಮ್ಮಪ್ಪನ ಹತ್ತಿರ ನಾನು ಮಾತಾಡ್ತೀನಿ.

ಇಂತಿ,
ನಿನ್ನ ದೊಡ್ಡಮ್ಮ