ಹೊರಡುವ ಮೊದಲು ರಸ್ತೆ ತೆರೆದಿದೆಯಾ ನೋಡಿ

ಸಂಪಾದಕರೇ,

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವವರು ಕೊಲರಾಡೊದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕನ್ನೂ ನೋಡಿ ಬರೋಣ ಅಂತ ಹೊರಡುತ್ತಾರೆ. ಒಳ್ಳೇದೇ. ಆದರೆ ಅಲ್ಲಿನ ಟ್ರೇಲ್ ರಿಡ್ಜ್ ರಸ್ತೆ 12,183 ಅಡಿ ಎತ್ತರಕ್ಕೆ ಹತ್ತುತ್ತದೆ, ಅಕ್ಟೋಬರ್‌ನಲ್ಲಿ ಹಿಮ ಬಿದ್ದು ಮುಚ್ಚಿದರೆ ಸಾಮಾನ್ಯವಾಗಿ ಮೇ ಕೊನೆಯವರೆಗೂ ಪೂರ್ತಿ ತೆರೆಯುವುದಿಲ್ಲ. ಕೆಳಗೆ ಚುರುಕು ಬಿಸಿಲು, ಮೇಲೆ ಗೇಟಿಗೆ ಬೀಗ! ಜೂನ್‌ನಲ್ಲೂ ಹಿಮ ಸುರಿದು ರಸ್ತೆ ಬಂದ್ ಆಗುವುದುಂಟು. ಯಾರದೋ ಹಳೇ ವಿಡಿಯೊ ನೋಡಿ ಸುಮ್ನೆ ಹೊರಟರೆ ಆಗುತ್ತದಾ? ಪಾರ್ಕಿನ ವೆಬ್‌ಸೈಟಿನಲ್ಲಿ ಆ ದಿನದ ರಸ್ತೆ, ಹವಾಮಾನದ ಮಾಹಿತಿ ಹಾಕಿರುತ್ತಾರೆ. ಹೊರಡುವ ಬೆಳಿಗ್ಗೆ ಮನೆಯಲ್ಲೇ ನೋಡಿಕೊಳ್ಳಿ, ಬೆಟ್ಟದ ಮೇಲೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಪ್ಯಾಕೇಜ್ ಮಾರುವ ಟ್ರಾವೆಲ್ಸ್‌ನವರೂ ಇದನ್ನು ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳಬೇಕು, ಅಲ್ವಾ?

ಒಬ್ಬ ಓದುಗ