ಬಿಯರ್ ಹಿಟ್ಟಿನ ಮೀನು ಟಾಕೊ: ಅಳತೆ, ಶಾಖ ಎರಡನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಅಡುಗೆ ಪುಟಗಳಲ್ಲಿ ಹೊರದೇಶದ ತಿನಿಸುಗಳಿಗೂ ಜಾಗ ಸಿಗುತ್ತಿರುವುದು ಸಂತೋಷ. ಆದರೆ ಬಿಯರ್ ಹಿಟ್ಟಿನಲ್ಲಿ ಅದ್ದಿ ಕರಿದ ಮೀನನ್ನು ತೆಳು ರೊಟ್ಟಿಯಲ್ಲಿ ಮಡಚಿ ತಿನ್ನುವ ಟಾಕೊದಂಥದ್ದನ್ನು ‘ಹಿಟ್ಟಿಗೆ ಬಿಯರ್ ಹಾಕಿ ಕಲಸಿ, ಕಾದ ಎಣ್ಣೆಯಲ್ಲಿ ಕರಿಯಿರಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಮನೆಯಲ್ಲಿ ಮಾಡುವವರ ಮೀನೂ ದಂಡ, ಎಣ್ಣೆಯೂ ದಂಡ. ಗರಿಗರಿ ಬರುವುದು ಬಿಯರಿನ ಬ್ರಾಂಡಿನಿಂದಲ್ಲ. ಮೀನಿನಲ್ಲಿ ಪಸೆ ಇರಬಾರದು, ಹಿಟ್ಟು ತಣ್ಣಗಿರಬೇಕು, ಎಣ್ಣೆಯ ಶಾಖ ಇಳಿಯಬಾರದು. ಇವನ್ನು ಅಳತೆ ಸಮೇತ ಬರೆಯದ ಪಾಕವಿಧಾನವನ್ನು ದಯವಿಟ್ಟು ಅಚ್ಚು ಹಾಕಬೇಡಿ.

ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ, ಅದರಲ್ಲೂ ಎನ್ಸೆನಾಡ ಬಂದರಿನ ಬೀದಿ ಅಂಗಡಿಗಳಲ್ಲಿ ಈ ಟಾಕೊ ಹೆಸರುವಾಸಿ. ಬೇಕಾದದ್ದು ಜಿಡ್ಡು ಕಡಿಮೆ ಇರುವ, ಬಿಳಿ ಮಾಂಸದ ಮೀನು. ನಮ್ಮ ಕರಾವಳಿಯ ಕಾಣೆ, ಮುರು ಮೀನು ಚೆನ್ನಾಗಿ ಒಪ್ಪುತ್ತವೆ. ಅಂಜಲ್ ಕೂಡ ಆದೀತು. ಆದರೆ ಅಂಗಡಿಯವರು ಕೊಡುವ ದುಂಡನೆಯ ತುಂಡು ಬೇಡ, ಮುಳ್ಳು ಬಿಡಿಸಿ, ಚರ್ಮ ತೆಗೆದು ಬೆರಳುದ್ದ, 2 ಸೆಂ.ಮೀ. ದಪ್ಪಕ್ಕೆ ಸೀಳಿಸಿಕೊಳ್ಳಿ. ಬಂಗುಡೆ, ಬೂತಾಯಿಗೆ ಮಸಾಲೆ ಹಚ್ಚಿದ ಫ್ರೈಯೇ ಸರಿ. ಫ್ರೀಜರಿನ ಬಾಸಾ ಮೀನಾದರೆ ರಾತ್ರಿಯಿಡೀ ಫ್ರಿಜ್‌ನಲ್ಲಿ ಜರಡಿಯ ಮೇಲಿಟ್ಟು ನೀರು ಬಸಿಯಬೇಕು.

ಅರ್ಧ ಕಿಲೋ ಮೀನಿಗೆ ಮುಕ್ಕಾಲು ಟೀ ಚಮಚ ಉಪ್ಪು ಸವರಿ 15 ನಿಮಿಷ ಬಿಟ್ಟರೆ ನೀರು ಒಸರುತ್ತದೆ. ಅದನ್ನು ಬಟ್ಟೆಯಿಂದ ಒತ್ತಿ ಒರೆಸಿ, ಒಣ ಮೈದಾದಲ್ಲಿ ಹೊರಳಿಸಿ, ಹೆಚ್ಚಾದದ್ದನ್ನು ಕೊಡವಿ. ಈ ಹಂತ ಬಿಟ್ಟರೆ ಕರಿಯುವಾಗ ಮೀನಿನ ಮೇಲಿನ ತೇವ ಹಬೆಯಾಗಿ ಹಿಟ್ಟಿನ ಹೊದಿಕೆಯನ್ನು ಎಬ್ಬಿಸುತ್ತದೆ. ತಿನ್ನುವಾಗ ಹೊದಿಕೆ ಒಂದು ಕಡೆ, ಮೀನು ಇನ್ನೊಂದು ಕಡೆ ಆಗುವುದು ಇದರಿಂದಲೇ.

ಹಿಟ್ಟಿಗೆ ಮೈದಾ 120 ಗ್ರಾಂ, ನುಣುಪಾದ ಅಕ್ಕಿ ಹಿಟ್ಟು 40 ಗ್ರಾಂ, ಬೇಕಿಂಗ್ ಪೌಡರ್ 1 ಟೀ ಚಮಚ, ಉಪ್ಪು ಅರ್ಧ ಚಮಚ, ಕಾಳುಮೆಣಸಿನ ಪುಡಿ ಚಿಟಿಕೆ. ಫ್ರಿಜ್‌ನಿಂದ ಆಗಷ್ಟೇ ತೆಗೆದ ತಿಳಿ ಬಣ್ಣದ ಲಾಗರ್ ಬಿಯರ್ 200 ಮಿ.ಲೀ. ಸುರಿದು ಫೋರ್ಕ್‌ನಿಂದ ಹತ್ತಾರು ಸುತ್ತು ತಿರುಗಿಸಿದರೆ ಮುಗಿಯಿತು. ಗಂಟುಗಳು ಉಳಿದರೆ ಉಳಿಯಲಿ. ಬಜ್ಜಿ ಹಿಟ್ಟಿನಷ್ಟು ಗಟ್ಟಿ ಮಾಡುವುದು, ನುಣ್ಣಗಾಗುವವರೆಗೆ ಕಲಕುವುದು ಎರಡೂ ತಪ್ಪು. ಕಲಕಿದಷ್ಟೂ ಮೈದಾದ ಗ್ಲುಟೆನ್ ಎಂಬ ಅಂಟು ಬಲಿತು ಹೊದಿಕೆ ನಾರಾಗುತ್ತದೆ, ಗಾಳಿಗುಳ್ಳೆಯೂ ಹಾರಿಹೋಗುತ್ತದೆ. ಅಕ್ಕಿ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ಅದು ಬೇಕೇ ಬೇಕು. ಬೆರಳಿಗೆ ತೆಳುವಾಗಿ ಅಂಟಿ, ತೊಟ್ಟಿಕ್ಕುವ ಹದ ಬರಬೇಕು; ಗಟ್ಟಿಯೆನಿಸಿದರೆ ಒಂದೊಂದೇ ಚಮಚ ಬಿಯರ್ ಸೇರಿಸಿ. ಎಣ್ಣೆ ಕಾಯುತ್ತಾ ಬಂದಾಗಲೇ ಕಲಸಿ, ಮೊದಲೇ ಕಲಸಿಡಬೇಡಿ.

ಬಿಯರಿನ ಕೆಲಸವೇನೆಂದರೆ, ಅದರ ಇಂಗಾಲದ ಡೈಆಕ್ಸೈಡ್ ಬಿಸಿಗೆ ಹಿಗ್ಗಿ ಹಿಟ್ಟಿನಲ್ಲಿ ತೂತು ತೂತು ಮಾಡುತ್ತದೆ, ಮದ್ಯಸಾರ ನೀರಿಗಿಂತ ಬೇಗ ಆವಿಯಾಗುತ್ತದೆ. ಕಪ್ಪು ಬಿಯರ್ ಬೇಡ, ಬೇಗ ಕಪ್ಪಾಗಿ ಕಹಿ ಬರುತ್ತದೆ. ಕರಿದ ಮೇಲೆ ಮದ್ಯ ಪೂರ್ತಿ ಹೋಗಿಬಿಡುತ್ತದೆ ಎಂದು ಬರೆಯುವುದು ಸರಿಯಲ್ಲ, ಸ್ವಲ್ಪ ಉಳಿಯಬಹುದು. ಮದ್ಯ ಮುಟ್ಟದವರು, ಮಕ್ಕಳಿರುವ ಮನೆಯವರು ಅಷ್ಟೇ ಅಳತೆಯ ಐಸ್‌ನಂಥ ತಣ್ಣನೆ ಸೋಡಾ ಬಳಸಲಿ. ಬಿಯರಿನ ಪರಿಮಳ ಇರುವುದಿಲ್ಲ, ಗರಿಗರಿಗೆ ಹೆಚ್ಚು ಕೊರತೆಯಾಗದು.

ಎಣ್ಣೆ ಶೇಂಗಾದ್ದೋ ರಿಫೈನ್ಡ್ ಸೂರ್ಯಕಾಂತಿಯದ್ದೋ ಇರಲಿ, ಆಳದ ಬಾಣಲೆಯಲ್ಲಿ ಒಂದು ಲೀಟರ್. ಗಾಣದ ತೆಂಗಿನೆಣ್ಣೆ ಈ ಶಾಖಕ್ಕೆ ಹೊಗೆಯಾಡುತ್ತದೆ. 180ರಿಂದ 185 ಡಿಗ್ರಿ ಸೆಲ್ಸಿಯಸ್ ಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹನಿ ಹಿಟ್ಟು ಬಿಡಿ: ಸ್ವಲ್ಪ ಮುಳುಗಿ ತಕ್ಷಣ ಮೇಲೆದ್ದು ನೊರೆಯಾಡಿದರೆ ಸರಿ. ತಳದಲ್ಲೇ ಕೂತರೆ ಸಾಲದು, ಬಿದ್ದ ಕೂಡಲೇ ಕೆಂಪಾದರೆ ಜಾಸ್ತಿ. ಸಲಕ್ಕೆ ಮೂರ‍್ನಾಲ್ಕು ತುಂಡಷ್ಟೇ ಹಾಕಿ. ಬಾಣಲೆ ತುಂಬಿದರೆ ಶಾಖ ಇಳಿದು ಹಿಟ್ಟು ಎಣ್ಣೆ ಕುಡಿಯುತ್ತದೆ. ಹಿಟ್ಟಿನಲ್ಲಿ ಅದ್ದಿದ ತುಂಡಿನ ತುದಿಯನ್ನು ಇಕ್ಕಳದಲ್ಲಿ ಹಿಡಿದು ಎಣ್ಣೆಯಲ್ಲಿ ಮೂರ‍್ನಾಲ್ಕು ಸೆಕೆಂಡು ಆಡಿಸಿ ಬಿಟ್ಟರೆ ತಳ ಹಿಡಿಯುವುದಿಲ್ಲ. 3ರಿಂದ 4 ನಿಮಿಷದಲ್ಲಿ ನೊರೆ ತಗ್ಗಿ ಹೊಂಬಣ್ಣ ಬರುತ್ತದೆ. ತೆಗೆದದ್ದನ್ನು ತಂತಿಯ ಜಾಲರಿಯ ಮೇಲಿಡಿ. ಕಾಗದದ ಮೇಲೆ ರಾಶಿ ಹಾಕಿದರೆ, ಮುಚ್ಚಳ ಮುಚ್ಚಿದರೆ ಹಬೆಗೆ ಮೆತ್ತಗಾಗುತ್ತದೆ.

ಟಾಕೊದ ತೆಳು ರೊಟ್ಟಿಯಾದ ತೋರ್ತಿಯಾಗೆ ಅಂಗಡಿಯ ಮೆಕ್ಕೆಜೋಳದ ಹಿಟ್ಟು ಆಗದು. ಮೆಕ್ಸಿಕೊದವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿ ರುಬ್ಬುತ್ತಾರೆ. ಆ ಸಂಸ್ಕಾರವಿಲ್ಲದ ಹಿಟ್ಟು ಕೂಡಿಕೊಳ್ಳದೆ, ಮಡಚಿದರೆ ಬಿರಿಯುತ್ತದೆ. ಉತ್ತರ ಮೆಕ್ಸಿಕೊದಲ್ಲಿ ಗೋಧಿಯ ತೋರ್ತಿಯಾ ರೂಢಿಯಲ್ಲಿರುವುದರಿಂದ ಅಂಗೈ ಅಗಲದ ಮೆತ್ತನೆ ಚಪಾತಿ ಧೈರ್ಯವಾಗಿ ಬಳಸಬಹುದು.

ಮೇಲೆ ಹಾಕುವುದಕ್ಕೆ ಎಳೆಎಳೆಯಾಗಿ ಹೆಚ್ಚಿದ ಎಲೆಕೋಸು. ಟೊಮೆಟೊ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿಯ ಸಾಲ್ಸಾ. 100 ಗ್ರಾಂ ಮಯೋನೀಸಿಗೆ 50 ಗ್ರಾಂ ಗಟ್ಟಿ ಮೊಸರು, ಒಂದು ಚಮಚ ನಿಂಬೆರಸ ಕಲಸಿದ ಸಾಸ್. ಸಾಲ್ಸಾಕ್ಕೆ ಬಡಿಸುವಾಗಲೇ ಉಪ್ಪು ಹಾಕಿ, ನೀರು ಬಸಿದು ಬಳಸಿ. ಮೀನಿನ ಮೇಲೆ ಮೊದಲು ಕೋಸು, ಅದರ ಮೇಲೆ ಸಾಸ್.

ಏರ್ ಫ್ರೈಯರಿನಲ್ಲಿ ಈ ಹಸಿ ಹಿಟ್ಟು ಸೋರಿಹೋಗುತ್ತದೆ, ಅಲ್ಲಿ ಕರಿಯಲಾಗದು. ಆದರೆ ಕರಿದು ಮಿಕ್ಕ ಮೀನನ್ನು 200 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ ಬಿಸಿ ಮಾಡಲು ಅದೇ ಒಳ್ಳೆಯದು.

ಇತಿ,
ಕರಾವಳಿಯ ಓದುಗ