ಕಂಟ್ರೋಲ್ ರೂಮಿಗೆ ಹೊರಟಿರುವ ಪುಟ್ಟಿಗೆ

ಪುಟ್ಟಿ,

ಅಣುಸ್ಥಾವರದ ಆಪರೇಟರ್ ತರಬೇತಿಗೆ ಆಯ್ಕೆಯಾಗಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ತುಂಬಾ ಖುಷಿಯಾಯಿತು. ದೊಡ್ಡ ಅಪಘಾತಗಳಿಗೆ ಕಾರಣ ಯಂತ್ರವೋ ಮನುಷ್ಯನೋ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಎರಡು ಮಾತಿನಲ್ಲಿ ಉತ್ತರ ಕೊಡೋಕಾಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿ ತಿಳಿದುಕೊಂಡ ಯಾವ ಅಪಘಾತದಲ್ಲೂ ಇವೆರಡನ್ನು ಬೇರೆ ಮಾಡಿ ನೋಡಲು ನನಗೆ ಆಗಿಲ್ಲ. ಯಂತ್ರ ಕೆಡುತ್ತದೆ. ಕೆಟ್ಟಿದ್ದನ್ನು ಪ್ಯಾನೆಲ್ ಸರಿಯಾಗಿ ಹೇಳುವುದಿಲ್ಲ. ಎದುರಿಗೆ ಕೂತವರು ಕಂಡಷ್ಟನ್ನು ನಂಬಿ ಕೈ ಹಾಕುತ್ತಾರೆ.

ತ್ರೀ ಮೈಲ್ ಐಲೆಂಡ್ ವಿಷಯ ಕ್ಲಾಸಿನಲ್ಲಿ ಬಂದೇ ಬರುತ್ತದೆ. ಅವರು ಬೇಗ ಮುಗಿಸಿಬಿಡಬಹುದು, ನೀನು ನಿಧಾನವಾಗಿ ನೋಡು. ಅಮೆರಿಕದ ಪೆನ್ಸಿಲ್ವೇನಿಯಾ, 1979ರ ಮಾರ್ಚ್ 28, ಬೆಳಗಿನ ಜಾವ 4 ಗಂಟೆ. ಎರಡನೇ ಘಟಕದಲ್ಲಿ ಸ್ಟೀಮ್ ಜನರೇಟರ್‌ಗೆ ನೀರು ಕಳಿಸುವ ಫೀಡ್ ವಾಟರ್ ಪಂಪ್‌ಗಳು ನಿಂತವು, ಟರ್ಬೈನ್ ಟ್ರಿಪ್ ಆಯಿತು, ಅಂದರೆ ತಾನಾಗಿ ನಿಂತಿತು, ಕೆಲವೇ ಸೆಕೆಂಡಿನಲ್ಲಿ ರಿಯಾಕ್ಟರ್ ತಾನಾಗಿಯೇ ಬಂದ್ ಆಯಿತು. ಇಲ್ಲಿಯವರೆಗೆ ಗಾಬರಿಯಾಗುವಂಥದ್ದು ಏನೂ ಇಲ್ಲ. ಒತ್ತಡ ಏರಿದ್ದಕ್ಕೆ ಪ್ರೆಶರೈಸರ್ (ರಿಯಾಕ್ಟರ್ ನೀರಿನ ಒತ್ತಡ ಕಾಯುವ ಟ್ಯಾಂಕು) ಮೇಲಿನ, ಹೆಚ್ಚಾದ ಒತ್ತಡ ಹೊರಬಿಡುವ ರಿಲೀಫ್ ವಾಲ್ವ್ ತೆರೆದುಕೊಂಡಿತು, ಅದೂ ಸರಿಯೇ. ಒತ್ತಡ ಇಳಿದ ಮೇಲೆ ಮುಚ್ಚಿಕೊಳ್ಳಬೇಕಿತ್ತು, ಆದರೆ ತೆರೆದೇ ಸಿಕ್ಕಿಕೊಂಡಿತು. ಪ್ಯಾನೆಲ್ ಮೇಲಿನ ದೀಪ ಮಾತ್ರ ಆರಿತು. ಯಾಕೆ ಗೊತ್ತಾ? ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ಅನ್ನೋದಕ್ಕೂ ಆ ದೀಪಕ್ಕೂ ಸಂಬಂಧವೇ ಇರಲಿಲ್ಲ. ಮುಚ್ಚು ಅಂತ ಸಿಗ್ನಲ್ ಹೋದರೆ ದೀಪ ಆರುತ್ತಿತ್ತು, ಅಷ್ಟೇ.

ನೀರು ಹೊರಗೆ ಹೋಗುತ್ತಲೇ ಇತ್ತು. ಆದರೆ ಪ್ರೆಶರೈಸರ್‌ನಲ್ಲಿ ನೀರಿನ ಮಟ್ಟ ಏರುತ್ತಿದೆ ಅಂತ ಗೇಜ್ ತೋರಿಸುತ್ತಿತ್ತು, ಕೋರ್ (ರಿಯಾಕ್ಟರ್ ಒಳಗೆ ಇಂಧನ ಇರುವ ಭಾಗ) ಕಡೆ ಹಬೆ ಹುಟ್ಟಿ ನೀರನ್ನು ಅತ್ತ ತಳ್ಳುತ್ತಿತ್ತಲ್ಲ, ಅದಕ್ಕೆ. ಕೋರ್ ಒಳಗೆ ನೀರು ಎಷ್ಟಿದೆ ಅಂತ ನೇರವಾಗಿ ತೋರಿಸುವ ಗೇಜ್ ಅಲ್ಲಿರಲಿಲ್ಲ. ಪ್ರೆಶರೈಸರ್ ಪೂರ್ತಿ ತುಂಬಲು ಬಿಡಲೇಬಾರದು ಅಂತ ತರಬೇತಿಯಲ್ಲಿ ಅಲ್ಲಿನ ಆಪರೇಟರ್‌ಗಳ ತಲೆಗೆ ತುಂಬಿದ್ದರು. ಹಾಗಾಗಿ ತುರ್ತು ಪಂಪ್‌ಗಳು ತಾವಾಗಿಯೇ ಶುರುವಾಗಿ ಕೋರಿಗೆ ನೀರು ಕೊಡುತ್ತಿದ್ದಾಗ, ಆಪರೇಟರ್‌ಗಳೇ ಅದನ್ನು ತಗ್ಗಿಸಿದರು. ಅವರನ್ನು ದಡ್ಡರು ಅನ್ನಬೇಡ. ಕಲಿಸಿದ್ದನ್ನೇ ಮಾಡಿದ್ದು ಅವರು. ನೂರಕ್ಕೂ ಜಾಸ್ತಿ ಅಲಾರಂ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು, ಅಲಾರಂ ಪಟ್ಟಿ ಅಚ್ಚು ಹಾಕುವ ಪ್ರಿಂಟರ್ ಎಷ್ಟೋ ಹಿಂದೆ ಬಿದ್ದಿತ್ತು, ರಿಲೀಫ್ ವಾಲ್ವ್‌ನಿಂದ ಬಂದ ನೀರು ಸೇರುವ ಟ್ಯಾಂಕಿನ ಗೇಜ್ ಇದ್ದದ್ದು ಪ್ಯಾನೆಲ್ ಹಿಂಭಾಗದಲ್ಲಿ. ವಾಲ್ವ್ ಆಚೆಯ ಪೈಪು ಬಿಸಿ ಇದೆ ಅಂತಲೂ ಗೊತ್ತಾಗಿತ್ತು, ಆದರೆ ಆ ವಾಲ್ವ್ ಮುಂಚಿನಿಂದಲೂ ಸ್ವಲ್ಪ ಸೋರುತ್ತಿದ್ದದ್ದರಿಂದ ಅದು ಮಾಮೂಲು ಅಂದುಕೊಂಡರು. ಕೊನೆಗೆ ಹೊರಗಿನಿಂದ ಆಗಷ್ಟೇ ಡ್ಯೂಟಿಗೆ ಬಂದವರ ಮಾತಿನ ಮೇಲೆ ಆ ದಾರಿಯನ್ನೇ ಬಂದ್ ಮಾಡುವ ಬ್ಲಾಕ್ ವಾಲ್ವ್ ಮುಚ್ಚಿದರು. ಅಷ್ಟರಲ್ಲಿ ಎರಡು ಗಂಟೆ ಇಪ್ಪತ್ತು ನಿಮಿಷ ಕಳೆದಿತ್ತು. ಕೋರ್‌ನ ಸುಮಾರು ಅರ್ಧ ಭಾಗ ಕರಗಿಹೋಯಿತು.

ಅದಕ್ಕೇ ಹೇಳೋದು, ಪ್ಯಾನೆಲ್ ಮುಂದೆ ಕೂತ ಮೊದಲ ದಿನಗಳಲ್ಲೇ ಒಂದೊಂದು ದೀಪ, ಒಂದೊಂದು ಮುಳ್ಳು ಹಿಡಿದು ಡ್ರಾಯಿಂಗ್ ಬಿಚ್ಚಿ ನೋಡು. ಇದರ ವೈರ್ ಎಲ್ಲಿಂದ ಬರುತ್ತದೆ? ಇದು ಕೊಟ್ಟ ಆದೇಶವನ್ನು ತೋರಿಸುತ್ತಾ, ಆದ ಕೆಲಸವನ್ನು ತೋರಿಸುತ್ತಾ? ಸೀನಿಯರ್‌ಗಳಿಗೆ ಬೇಜಾರಾದರೂ ಪರವಾಗಿಲ್ಲ, ಕೇಳು. ಒಂದು ಗೇಜ್ ಹೇಳಿದ್ದನ್ನು ಬೇರೆ ಎರಡು ಕಡೆ ತಾಳೆ ನೋಡದೆ ನಂಬಬೇಡ. ತಲೆಯಲ್ಲಿ ಕಟ್ಟಿಕೊಂಡ ಚಿತ್ರಕ್ಕೆ ಒಂದು ರೀಡಿಂಗ್ ಹೊಂದದಿದ್ದರೆ, ಸುಮ್ನೆ ಗೇಜ್ ಕೆಟ್ಟಿರಬೇಕು ಅಂದುಕೊಂಡು ಮುಂದೆ ಹೋಗಬೇಡ.

ಅದೇ ಬೆಳಗ್ಗೆ ಇನ್ನೊಂದೂ ಆಗಿತ್ತು. ತುರ್ತು ಫೀಡ್ ವಾಟರ್ ಬರುವ ದಾರಿಯ ಎರಡು ವಾಲ್ವ್‌ಗಳು ಮುಚ್ಚೇ ಇದ್ದವು, ಅದು ಗೊತ್ತಾಗಲು 8 ನಿಮಿಷ ಬೇಕಾಯಿತು. ಅದನ್ನು ತೋರಿಸುವ ಒಂದು ದೀಪದ ಮೇಲೆ ರಿಪೇರಿ ಕೆಲಸದ ಟ್ಯಾಗ್ ಇಳಿಬಿದ್ದಿತ್ತಂತೆ. ಒಂದು ಚೀಟಿ! ಕೆಲಸ ಮುಗಿದ ಮೇಲೆ ವಾಲ್ವ್ ಮೊದಲಿನ ಸ್ಥಿತಿಗೆ ಬಂದಿದೆಯಾ ಅನ್ನೋದನ್ನ ಪರ್ಮಿಟ್ ಮೇಲಿನ ಸಹಿ ನೋಡಿ ಒಪ್ಪಬೇಡ. ಹೋಗಿ ನೋಡು.

ಚೆರ್ನೋಬಿಲ್ ಅಂದರೆ ಎಲ್ಲರೂ ಆಪರೇಟರ್‌ಗಳ ಕಡೆ ಬೆರಳು ತೋರಿಸುತ್ತಾರೆ. 1986ರ ಏಪ್ರಿಲ್ 26ರ ಆ ರಾತ್ರಿ ಅವರು ಮಾಡಿದ್ದು ಸಣ್ಣ ತಪ್ಪೇನಲ್ಲ. 700 ಮೆಗಾವ್ಯಾಟ್ ಉಷ್ಣಶಕ್ತಿಯಲ್ಲಿ ಮಾಡಬೇಕಿದ್ದ ಪರೀಕ್ಷೆ, ಶಕ್ತಿ 30ಕ್ಕೆ ಕುಸಿದ ಮೇಲೂ ನಿಲ್ಲಿಸಲಿಲ್ಲ, ಶಕ್ತಿಯನ್ನು ಹಿಡಿದಿಡುವ ಕಂಟ್ರೋಲ್ ರಾಡ್‌ಗಳನ್ನು ಮಿತಿ ಮೀರಿ ಹೊರಗೆಳೆದು 200ಕ್ಕೆ ತಂದು ಮುಂದುವರಿಸಿದರು. ಆದರೆ ಎಲ್ಲಾ ರಾಡ್ ಒಳಗಿಳಿಸಿ ರಿಯಾಕ್ಟರ್ ನಿಲ್ಲಿಸಬೇಕಾದ ಎಝಡ್-5 ಗುಂಡಿ ಒತ್ತಿದಾಗ ಶಕ್ತಿ ಇನ್ನೂ ಏರಿತಲ್ಲ, ಅದು ವಿನ್ಯಾಸದ ದೋಷ. ರಾಡ್‌ಗಳ ತುದಿಗಿದ್ದ ಗ್ರಾಫೈಟ್ ಮೊದಲು ಕೋರ್ ತಳದ ನೀರನ್ನು ಪಕ್ಕಕ್ಕೆ ತಳ್ಳುತ್ತಿತ್ತು, ನ್ಯೂಟ್ರಾನ್ ಹೀರುತ್ತಿದ್ದ ಆ ನೀರು ಹೋದದ್ದರಿಂದ ಅಲ್ಲಿ ಶಕ್ತಿ ಏರಿತು. ಈ ಗುಣ 1983ರಲ್ಲೇ ಲಿಥುವೇನಿಯಾದ, ಇದೇ ಮಾದರಿಯ ಇಗ್ನಾಲಿನಾ ಸ್ಥಾವರದಲ್ಲಿ ಕಂಡಿತ್ತು. ಗುಂಡಿ ಒತ್ತಿದವರಿಗೆ ಅದು ಗೊತ್ತಿರಲಿಲ್ಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರು 1992ರ ವರದಿಯಲ್ಲಿ ತಮ್ಮ ಮೊದಲಿನ ಅಭಿಪ್ರಾಯ ತಿದ್ದಿಕೊಂಡು ವಿನ್ಯಾಸಕ್ಕೆ ಜಾಸ್ತಿ ಹೊಣೆ ಹೊರಿಸಿದರು.

ಫುಕುಶಿಮಾದಲ್ಲಿ ಸುನಾಮಿ ಬಂದು ಕರೆಂಟ್ ಹೋದಾಗ ಒಂದನೇ ಘಟಕದ ಐಸೊಲೇಶನ್ ಕಂಡೆನ್ಸರ್ (ರಿಯಾಕ್ಟರಿನ ಹಬೆಯನ್ನು ತಣಿಸಿ ನೀರಾಗಿಸಿ ವಾಪಸ್ ಕಳಿಸುವ ತುರ್ತು ವ್ಯವಸ್ಥೆ) ಓಡುತ್ತಿದೆ ಅಂತ ತುಂಬಾ ಹೊತ್ತು ನಂಬಿದ್ದರು. ಅಲ್ಲಿದ್ದ ಆಪರೇಟರ್‌ಗಳು ಯಾರೂ ಅದನ್ನು ನಿಜವಾಗಿ ಓಡಿಸಿ ನೋಡಿದವರಲ್ಲ. ಸ್ಟ್ಯಾಂಡ್‌ಬೈ ಯಂತ್ರದ ಟೆಸ್ಟ್ ಇದ್ದಾಗ ರಜೆ ಹಾಕಬೇಡ.

ಇಷ್ಟು ಓದಿ ನಿನಗೆ ಭಯವಾಗಬಾರದು. ಉತ್ತರ ಪ್ರದೇಶದ ನಮ್ಮ ನರೋರಾ ಅಣುಸ್ಥಾವರದ್ದನ್ನೂ ಓದು. 1993ರ ಮಾರ್ಚ್ 31ರಂದು ಟರ್ಬೈನಿನ ಎರಡು ಬ್ಲೇಡ್ ಮುರಿದವು, ಅದರ ಅದುರಾಟಕ್ಕೆ ಜನರೇಟರ್ ತಂಪಿಗೆ ಇದ್ದ ಹೈಡ್ರೋಜನ್ ಸೋರಿ ಬೆಂಕಿ ಹತ್ತಿಕೊಂಡಿತು, ಕೇಬಲ್‌ಗಳು ಸುಟ್ಟವು, ಹೊಗೆ ತುಂಬಿ ಕಂಟ್ರೋಲ್ ರೂಮ್ ಬಿಡಬೇಕಾಯಿತು. ಸುಮಾರು 17 ಗಂಟೆ ಸ್ಥಾವರಕ್ಕೆ ವಿದ್ಯುತ್ತೇ ಇರಲಿಲ್ಲ. ಆಪರೇಟರ್‌ಗಳು ರಿಯಾಕ್ಟರನ್ನು ಕೈಯಾರೆ ನಿಲ್ಲಿಸಿದರು, ಬ್ಯಾಟರಿ ದೀಪ ಹಿಡಿದು ಕತ್ತಲಲ್ಲಿ ಮೇಲೆ ಹತ್ತಿ ವಾಲ್ವ್ ತಿರುಗಿಸಿ, ರಿಯಾಕ್ಟರ್ ಮತ್ತೆ ಶುರುವಾಗದಂತೆ ನ್ಯೂಟ್ರಾನ್ ಹೀರುವ ಬೋರಾನ್ ಬಿಟ್ಟರು, ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪ್‌ಗಳಿಂದ ಸ್ಟೀಮ್ ಜನರೇಟರ್‌ಗೆ ನೀರು ಕೊಟ್ಟರು. ಕೋರ್‌ಗೆ ಏನೂ ಆಗಲಿಲ್ಲ. ಯಾವ ವಾಲ್ವ್ ಎಲ್ಲಿದೆ ಅಂತ ಕತ್ತಲಲ್ಲೂ ಗೊತ್ತಿತ್ತಲ್ಲ, ನೀನೂ ಅಷ್ಟು ಓಡಾಡಿ ಕಲಿ.

ಕೊನೆಯದಾಗಿ, ಸಣ್ಣದೇನಾದರೂ ಎಡವಟ್ಟಾಗಿ ಅಪಾಯ ಸ್ವಲ್ಪದರಲ್ಲಿ ತಪ್ಪಿಹೋದರೆ ಬರೆದಿಡು. ತ್ರೀ ಮೈಲ್ ಐಲೆಂಡ್‌ಗೆ ಒಂದೂವರೆ ವರ್ಷ ಮೊದಲು, 1977ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ್ದೇ ಆದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಇಂಥದ್ದೇ ವಾಲ್ವ್ ಹೀಗೇ ಸಿಕ್ಕಿಕೊಂಡಿತ್ತು. ಅಲ್ಲಿನವರು ಸುಮಾರು 20 ನಿಮಿಷದಲ್ಲಿ ಹಿಡಿದರು. ಆ ಪಾಠ ತ್ರೀ ಮೈಲ್ ಐಲೆಂಡ್‌ನವರ ಕಂಟ್ರೋಲ್ ರೂಮಿಗೆ ಬರಲೇ ಇಲ್ಲ. ಬರೆಯುವಾಗ ‘ಆಪರೇಟರ್ ತಪ್ಪು’ ಅಂತ ಒಂದೇ ಸಾಲು ಬರೆದು ಕೈ ತೊಳೆದುಕೊಳ್ಳಬೇಡ. ಆ ಹೊತ್ತಿಗೆ ಅವನಿಗೆ ಏನು ಕಾಣುತ್ತಿತ್ತು, ಏನು ಕಾಣುತ್ತಿರಲಿಲ್ಲ, ಯಾಕೆ ಹಾಗೆ ಅಂದುಕೊಂಡ, ಅದನ್ನೂ ಬರೆ. ನಾಳೆ ಅದೇ ಕುರ್ಚಿಯಲ್ಲಿ ಕೂರುವವರಿಗೆ ಬೇಕಾದದ್ದು ಅದೇ.

ನಿನ್ನ ಸೋದರಮಾವ